ಸ್ಥಳೀಯ ಚುನಾವಣೆ: ವಿಶ್ವಾಸ ಕುಸಿಯುವುದು ಮತದಾನಕ್ಕೂ ಮೊದಲೇ

ಚುನಾವಣೆಯ ವಿಶ್ವಾಸಾರ್ಹತೆಯ ಮಾತು ಬಂದಾಗಲೆಲ್ಲ ಚರ್ಚೆ ಮತಯಂತ್ರ, ಮತ ಎಣಿಕೆ ಹಾಗೂ ನಕಲಿ ಮತದಾನದ ಸುತ್ತ ಸುಳಿಯುತ್ತದೆ. ಲೋಕಸಭೆ ಮತ್ತು ವಿಧಾನಸಭೆಗಳ ಮಟ್ಟಿಗೆ ಇದು ಸಹಜ. ಅವಧಿ ಮುಗಿಯುವ ವೇಳೆಗೆ ಆ ಚುನಾವಣೆಗಳು ನಡೆದೇ ನಡೆಯುತ್ತವೆ ಎಂಬುದನ್ನು ಮತದಾರರು ಖಚಿತವಾಗಿ ನಂಬಿರುತ್ತಾರೆ. ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಪುರಸಭೆ ಹಾಗೂ ಮಹಾನಗರ ಪಾಲಿಕೆಗಳ ವಿಷಯದಲ್ಲಿ ಆ ಖಾತರಿಯೇ ಇಲ್ಲ. ದಿನಾಂಕ ನಿಗದಿ, ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ನಾಮಪತ್ರ ಸಲ್ಲಿಕೆ ಎಂಬ ನಾಲ್ಕು ಹಂತಗಳಲ್ಲಿ, ಅಂದರೆ ಮತಗಟ್ಟೆಯ ಬಾಗಿಲು ತೆರೆಯುವುದಕ್ಕೆ ಬಹು ಮೊದಲೇ, ಸ್ಥಳೀಯ ಚುನಾವಣೆಯ ಮೇಲಿನ ನಂಬಿಕೆ ಶಿಥಿಲಗೊಳ್ಳುತ್ತದೆ.

ಕುಡಿಯುವ ನೀರು, ಕಸ ವಿಲೇವಾರಿ, ಚರಂಡಿ, ಬೀದಿದೀಪಗಳಂಥ ನಿತ್ಯದ ಅಗತ್ಯಗಳಿಗೆ ಹೊಣೆಗಾರರಾದ ಪ್ರತಿನಿಧಿಗಳನ್ನು ಆರಿಸುವ ಚುನಾವಣೆ ಇದು. ಅದು ದುರ್ಬಲವಾದರೆ ಪ್ರಜೆಗೆ ಅತ್ಯಂತ ಸಮೀಪದ ಸರ್ಕಾರವೇ ಉತ್ತರದಾಯಿತ್ವದಿಂದ ತಪ್ಪಿಸಿಕೊಂಡಂತಾಗುತ್ತದೆ.

ಸಂವಿಧಾನದ ಚೌಕಟ್ಟು

ಸ್ಥಳೀಯ ಸಂಸ್ಥೆಗಳ ಪ್ರಯೋಗದಲ್ಲಿ ಕರ್ನಾಟಕ ದೇಶಕ್ಕೆ ಮುಂಚೂಣಿಯಲ್ಲಿತ್ತು. ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಕಾಯ್ದೆಯ ಅನ್ವಯ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ.25ರಷ್ಟು ಸ್ಥಾನಗಳು ಮೀಸಲಾಗಿದ್ದವು. ಆದರೆ 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕುಳಿತರು. ಕಾಯ್ದೆ ಎಷ್ಟೇ ಪ್ರಗತಿಪರವಾಗಿದ್ದರೂ ಚುನಾವಣೆಯ ಕಾಲವನ್ನು ರಾಜ್ಯ ಸರ್ಕಾರದ ಮರ್ಜಿಗೆ ಬಿಟ್ಟರೆ ಆಗುವುದೇನು ಎಂಬುದು ಅಂದೇ ಸ್ಪಷ್ಟವಾಗಿತ್ತು.

ಈ ಕೊರತೆಯನ್ನು ನೀಗಿಸಲೆಂದೇ 1993ರಲ್ಲಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದವು. 243-ಇ ಮತ್ತು 243-ಯು ವಿಧಿಗಳ ಪ್ರಕಾರ ಸ್ಥಳೀಯ ಸಂಸ್ಥೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಪೂರ್ಣಗೊಳ್ಳಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. ಮತದಾರರ ಪಟ್ಟಿಯ ಸಿದ್ಧತೆ ಹಾಗೂ ಚುನಾವಣೆಯ ಸಂಪೂರ್ಣ ಮೇಲ್ವಿಚಾರಣೆಯನ್ನು 243-ಕೆ ವಿಧಿಯು ರಾಜ್ಯ ಚುನಾವಣಾ ಆಯೋಗಕ್ಕೆ ವಹಿಸಿದೆ. ಆಯುಕ್ತರನ್ನು ನೇಮಿಸುವವರು ರಾಜ್ಯಪಾಲರು. ಅವರನ್ನು ಪದಚ್ಯುತಗೊಳಿಸಲು ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ಅನ್ವಯಿಸುವ ವಿಧಾನವನ್ನೇ ಅನುಸರಿಸಬೇಕು. ಈ ಆಯೋಗ ಕೇಂದ್ರ ಚುನಾವಣಾ ಆಯೋಗದ ಶಾಖೆಯಲ್ಲ. ಸಂವಿಧಾನವೇ ರೂಪಿಸಿದ ಪ್ರತ್ಯೇಕ ಸಂಸ್ಥೆ.

ಬೆಂಗಳೂರಿನ ಉದಾಹರಣೆ

ಚೌಕಟ್ಟು ಭದ್ರವಾಗಿದ್ದರೂ ಆಚರಣೆ ಬೇರೆ. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2006ರ ನವೆಂಬರ್‌ನಲ್ಲಿ ಮುಗಿಯಿತು. ಸುತ್ತಲಿನ ನಗರಸಭೆ, ಪುರಸಭೆ ಮತ್ತು ಹಳ್ಳಿಗಳನ್ನು ಸೇರಿಸಿ 2007ರಲ್ಲಿ ಬಿಬಿಎಂಪಿ ರಚನೆಯಾಯಿತು. ಅದರ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಎರಡನೆಯದು 2015ರ ಆಗಸ್ಟ್ 22ರಂದು. ಆ ಮಂಡಳಿಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ಮೂರನೆಯ ಚುನಾವಣೆ ನಡೆಯಲೇ ಇಲ್ಲ.

ಅಸ್ತಿತ್ವದಲ್ಲಿದ್ದ 198 ವಾರ್ಡ್‌ಗಳಿಗೇ ಚುನಾವಣೆ ನಡೆಸುವಂತೆ 2020ರ ಡಿಸೆಂಬರ್ 4ರಂದು ರಾಜ್ಯ ಹೈಕೋರ್ಟ್ ಆದೇಶಿಸಿತು. ಎರಡು ವಾರಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಅನಂತರ ಹೊಸ ಬಿಬಿಎಂಪಿ ಕಾಯ್ದೆಯಡಿ ವಾರ್ಡ್‌ಗಳ ಸಂಖ್ಯೆ 243 ಆಯಿತು. ಸರ್ಕಾರ ಬದಲಾದ ಬಳಿಕ 2023ರಲ್ಲಿ ಅದು 225ಕ್ಕೆ ಇಳಿಯಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೊನೆಗೊಂಡು ಐದು ಪಾಲಿಕೆಗಳು ರಚನೆಯಾದವು. ಅವುಗಳಿಗೆ ಒಟ್ಟು 369 ವಾರ್ಡ್‌ಗಳು ನಿಗದಿಯಾದವು. ಹೀಗೆ ಒಂದು ಪೂರ್ಣ ಅವಧಿಗೆ ಸಮನಾದ ಐದು ವರ್ಷ ರಾಜಧಾನಿಯ ಆಯವ್ಯಯ, ತೆರಿಗೆ, ಕಾಮಗಾರಿಗಳ ನಿರ್ಧಾರವೆಲ್ಲ ಆಡಳಿತಾಧಿಕಾರಿಯ ಸಹಿಯಲ್ಲಿ ನಡೆಯಿತು. ಈ ಅವಧಿಯಲ್ಲಿ ವಿವಿಧ ಪಕ್ಷಗಳ ಸರ್ಕಾರಗಳು ಬಂದು ಹೋದವು. ವಿಳಂಬದ ಹೊಣೆ ಒಂದೇ ಪಕ್ಷದ ತಲೆಗೆ ಕಟ್ಟುವಂಥದ್ದಲ್ಲ.

ಗ್ರಾಮೀಣ ಭಾಗದ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವಧಿ ಮುಗಿದ ಆ ಸಂಸ್ಥೆಗಳಿಗೆ 2025 ಕಳೆದರೂ ಚುನಾವಣೆ ನಡೆಯಲಿಲ್ಲ.

ಇದು ಕರ್ನಾಟಕವೊಂದರ ಕಥೆಯೂ ಅಲ್ಲ. ತಮಿಳುನಾಡಿನ ನಗರ ಸಂಸ್ಥೆಗಳಿಗೆ 2011ರ ನಂತರ ಚುನಾವಣೆ ನಡೆದದ್ದು 2022ರ ಫೆಬ್ರುವರಿಯಲ್ಲಿ. ಮುಂಬೈ ಮಹಾನಗರ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದಿದ್ದು, ಸುಪ್ರೀಂ ಕೋರ್ಟಿನ ನಿರ್ದೇಶನದ ಬಳಿಕ 2026ರ ಜನವರಿಯಲ್ಲಿ ಮತದಾನವಾಯಿತು.

ಗಡಿ ಮತ್ತು ಮೀಸಲಾತಿಯ ಕೀಲಿಕೈ

ವಿಳಂಬಕ್ಕೆ ಸರ್ಕಾರಗಳು ನೀಡುವ ಕಾರಣಗಳು ಸಾಮಾನ್ಯವಾಗಿ ಎರಡು: ಕ್ಷೇತ್ರ ಪುನರ್ವಿಂಗಡಣೆ ಮತ್ತು ಮೀಸಲಾತಿ. ಎರಡೂ ನ್ಯಾಯಸಮ್ಮತ ಅಗತ್ಯಗಳೇ. ಜನಸಂಖ್ಯೆ ಬೆಳೆದಂತೆ ವಾರ್ಡ್ ಗಡಿಗಳು ಬದಲಾಗಬೇಕು. ಸರದಿ ಪದ್ಧತಿಯಿಂದಾಗಿ ಮೀಸಲು ಸ್ಥಾನಗಳೂ ಬದಲಾಗುತ್ತವೆ. ಹಿಂದುಳಿದ ವರ್ಗಗಳ ಮೀಸಲಾತಿಗೆ ಪ್ರತ್ಯೇಕ ಆಯೋಗದ ಅಧ್ಯಯನ, ಸ್ಥಳೀಯ ಸಂಸ್ಥೆವಾರು ಪ್ರಮಾಣ ನಿಗದಿ ಮತ್ತು ಒಟ್ಟು ಶೇ.50ರ ಮಿತಿ ಎಂಬ ಮೂರು ಷರತ್ತುಗಳನ್ನು ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಪುನರುಚ್ಚರಿಸಿತು. ಇದರ ಪಾಲನೆಗಾಗಿ ಕರ್ನಾಟಕವು 2022ರಲ್ಲಿ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಆಯೋಗವನ್ನು ನೇಮಿಸಿತು.

ಸಮಸ್ಯೆ ಇರುವುದು ಈ ಕೆಲಸವನ್ನು ಯಾರು, ಯಾವಾಗ ಮಾಡುತ್ತಾರೆ ಎಂಬುದರಲ್ಲಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಕ್ಷೇತ್ರಗಳ ಮೀಸಲಾತಿಯ ಕರಡನ್ನು ರಾಜ್ಯ ಚುನಾವಣಾ ಆಯೋಗ 2021ರ ಜುಲೈನಲ್ಲಿ ಪ್ರಕಟಿಸಿತ್ತು. ಅದಾದ ಕೆಲವೇ ತಿಂಗಳಲ್ಲಿ ಶಾಸನಸಭೆ ಕಾಯ್ದೆಗೆ ತಿದ್ದುಪಡಿ ತಂದು, ಈ ಅಧಿಕಾರವನ್ನು ಆಯೋಗದಿಂದ ಹಿಂಪಡೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ವರ್ಗಾಯಿಸಿತು. ಪ್ರಕ್ರಿಯೆ ಮತ್ತೆ ಮೊದಲಿನಿಂದ ಆರಂಭವಾಯಿತು. ಚುನಾವಣೆ ನಡೆಸುವ ಹೊಣೆ ಒಬ್ಬರದು, ಅದಕ್ಕೆ ಬೇಕಾದ ಕೀಲಿಕೈ ಇನ್ನೊಬ್ಬರದು ಎಂಬ ಸ್ಥಿತಿ ಇದರಿಂದ ಗಟ್ಟಿಯಾಯಿತು.

ಮತದಾನ ಮುಗಿದ ಮೇಲೂ ಮೀಸಲಾತಿ ತಕರಾರು ಆಡಳಿತವನ್ನು ಕಟ್ಟಿಹಾಕಬಲ್ಲದು. ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ 2018ರ ಆಗಸ್ಟ್ 31ರಂದು ಮತದಾನ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಗೆದ್ದ ಸದಸ್ಯರು ಬಹುತೇಕ ಕಡೆ ಸುಮಾರು ಎರಡು ವರ್ಷ ಅಧಿಕಾರವಿಲ್ಲದೆ ಕಾಯಬೇಕಾಯಿತು. ಮತದಾರನಿಂದ ಆಯ್ಕೆಯಾದವರಿದ್ದರು, ಆದರೆ ಸಭೆ ಕರೆಯಲು ಅಧ್ಯಕ್ಷರೇ ಇರಲಿಲ್ಲ.

ಆಯೋಗ ಎಷ್ಟು ಸ್ವತಂತ್ರ?

ಪುನರ್ವಿಂಗಡಣೆಯಂಥ ನೆಪಗಳಿಂದ ಚುನಾವಣೆಯನ್ನು ಮುಂದೂಡುವಂತಿಲ್ಲ. ಸರ್ಕಾರ ಸಹಕರಿಸದಿದ್ದರೆ ಆಯೋಗ ಹೈಕೋರ್ಟಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2006ರ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ ಆಯೋಗಕ್ಕೆ ಸ್ವಂತ ಸಿಬ್ಬಂದಿ ಅಲ್ಪ; ಹಣ, ಅಧಿಕಾರಿಗಳು, ಪೊಲೀಸ್ ಬಂದೋಬಸ್ತ್ ಎಲ್ಲಕ್ಕೂ ಅದು ರಾಜ್ಯ ಸರ್ಕಾರವನ್ನೇ ಅವಲಂಬಿಸಿದೆ.

ಗೋವಾದಲ್ಲಿ ಕಾನೂನು ಕಾರ್ಯದರ್ಶಿಗೇ ಚುನಾವಣಾ ಆಯುಕ್ತರ ಹೆಚ್ಚುವರಿ ಹೊಣೆ ನೀಡಲಾಗಿತ್ತು. ಇದು ಸಂವಿಧಾನದ ಅಣಕ ಎಂಬ ನಿಲುವು ತಳೆದ ಸುಪ್ರೀಂ ಕೋರ್ಟ್, ಸರ್ಕಾರಿ ಹುದ್ದೆಯಲ್ಲಿರುವವರು ಆಯುಕ್ತರಾಗುವಂತಿಲ್ಲ ಎಂದು 2021ರ ಮಾರ್ಚ್ 12ರಂದು ತೀರ್ಪಿತ್ತಿತು. ಅದಕ್ಕೂ ಮುನ್ನ, 2020ರಲ್ಲಿ, ಕೊರೊನಾ ಕಾರಣಕ್ಕೆ ಸ್ಥಳೀಯ ಚುನಾವಣೆಯನ್ನು ಮುಂದೂಡಿದ ಆಂಧ್ರ ಪ್ರದೇಶದ ಆಯುಕ್ತ ಎನ್. ರಮೇಶ್ ಕುಮಾರ್ ಅವರು ಅಧಿಕಾರಾವಧಿಯನ್ನೇ ಮೊಟಕುಗೊಳಿಸುವ ಸುಗ್ರೀವಾಜ್ಞೆಯಿಂದಾಗಿ ಹುದ್ದೆ ಕಳೆದುಕೊಂಡಿದ್ದರು. ಹೈಕೋರ್ಟ್ ಆ ಸುಗ್ರೀವಾಜ್ಞೆಯನ್ನು ರದ್ದುಪಡಿಸಿದ ಬಳಿಕವೇ ಅವರು ಮರಳಿದರು. ಸರ್ಕಾರಕ್ಕೆ ಒಲ್ಲದ ನಿರ್ಧಾರ ಕೈಗೊಳ್ಳುವ ಆಯುಕ್ತರಿಗೆ ಸಂವಿಧಾನದ ರಕ್ಷಣೆ ದೊರೆತದ್ದು ತಿಂಗಳುಗಳ ಕಾನೂನು ಹೋರಾಟದ ನಂತರ.

ಅವಿರೋಧ ಆಯ್ಕೆಯ ಎರಡು ಮುಖ

ಅವಿರೋಧ ಆಯ್ಕೆ ತನ್ನಷ್ಟಕ್ಕೆ ತಪ್ಪಲ್ಲ. ಊರಿನ ಒಮ್ಮತ ಜಗಳವನ್ನು ತಪ್ಪಿಸುತ್ತದೆ ಎಂಬ ವಾದಕ್ಕೆ ನೆಲೆಯಿದೆ. ಒಮ್ಮತದಿಂದ ಪಂಚಾಯಿತಿ ರಚಿಸಿಕೊಳ್ಳುವ ಗ್ರಾಮಗಳಿಗೆ ಪ್ರೋತ್ಸಾಹಧನ ನೀಡುವ 'ಸಮರಸ' ಯೋಜನೆಯನ್ನು ಗುಜರಾತ್ ಸರ್ಕಾರ 2001ರಲ್ಲಿ ಆರಂಭಿಸಿತು. ಆದರೆ ಒಮ್ಮತ ಎಲ್ಲಿ ಮುಗಿಯುತ್ತದೆ, ಒತ್ತಡ ಎಲ್ಲಿ ಶುರುವಾಗುತ್ತದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ.

ಪಶ್ಚಿಮ ಬಂಗಾಳದ 2018ರ ಪಂಚಾಯಿತಿ ಚುನಾವಣೆಯಲ್ಲಿ ಸುಮಾರು ಶೇ.34ರಷ್ಟು ಸ್ಥಾನಗಳಿಗೆ ಸ್ಪರ್ಧೆಯೇ ನಡೆಯಲಿಲ್ಲ. ನಾಮಪತ್ರ ಸಲ್ಲಿಸಲು ಬಿಡಲಿಲ್ಲವೆಂದು ವಿರೋಧ ಪಕ್ಷಗಳು ದೂರಿದವು. ಸುಪ್ರೀಂ ಕೋರ್ಟ್ ಆ ಫಲಿತಾಂಶಗಳನ್ನು ರದ್ದುಪಡಿಸಲು ಒಪ್ಪಲಿಲ್ಲ. ಬಾಧಿತರು ಚುನಾವಣಾ ತಕರಾರು ಅರ್ಜಿ ಸಲ್ಲಿಸಬಹುದೆಂದಿತು. ತಮಿಳುನಾಡಿನಲ್ಲಿ ದಲಿತರಿಗೆ ಮೀಸಲಾದ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರ್‌ಮಂಗಲಂ ಪಂಚಾಯಿತಿಗಳಲ್ಲಿ ಪ್ರಬಲ ಜಾತಿಗಳ ವಿರೋಧದಿಂದಾಗಿ 1996ರಿಂದ ಹತ್ತು ವರ್ಷ ಅರ್ಥಪೂರ್ಣ ಚುನಾವಣೆ ಸಾಧ್ಯವಾಗಲಿಲ್ಲ. 2006ರಲ್ಲಿ ಆ ಸರಪಳಿ ತುಂಡಾಯಿತು.

ಕರ್ನಾಟಕಕ್ಕೆ ಪರಿಚಿತವಾದ ರೂಪ ಹರಾಜು. ದೇವಸ್ಥಾನ ಅಥವಾ ಊರಿನ ಅಭಿವೃದ್ಧಿಯ ಹೆಸರಲ್ಲಿ ಹೆಚ್ಚು ಹಣ ಕೊಡುವವರಿಗೆ ಸದಸ್ಯ ಸ್ಥಾನ ಬಿಟ್ಟುಕೊಟ್ಟು, ಉಳಿದವರು ಕಣಕ್ಕಿಳಿಯದಂತೆ ನೋಡಿಕೊಳ್ಳುವ ಪರಿಪಾಠ ಇದು. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯ ವೇಳೆ ಇಂಥ ವರದಿಗಳು ಹಲವು ಜಿಲ್ಲೆಗಳಿಂದ ಬಂದವು. ಕ್ರಮ ಕೈಗೊಳ್ಳುವಂತೆ ಆಯೋಗ ಅಧಿಕಾರಿಗಳಿಗೆ ಸೂಚಿಸಿತು. ಮಹಾರಾಷ್ಟ್ರದ ಆಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹರಾಜು ನಡೆದ ನಾಸಿಕ್ ಜಿಲ್ಲೆಯ ಉಮರಾಣೆ ಹಾಗೂ ನಂದೂರ್‌ಬಾರ್ ಜಿಲ್ಲೆಯ ಖೋಂಡಾಮಳಿ ಗ್ರಾಮಗಳ ಚುನಾವಣೆಯನ್ನೇ 2021ರ ಜನವರಿಯಲ್ಲಿ ರದ್ದುಪಡಿಸಿತು. ಹರಾಜಿನ ಹಣ ದೇವರ ಹುಂಡಿಗೇ ಹೋದರೂ, ಹಣವಿಲ್ಲದವನ ಸ್ಪರ್ಧಿಸುವ ಹಕ್ಕು ಮಾರಾಟವಾದದ್ದು ಸುಳ್ಳಾಗದು.

ಮತಪತ್ರ, ಮತಯಂತ್ರ ಮತ್ತು ಎಣಿಕೆ

ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ. ಬಹುಪಾಲು ಮತಪತ್ರಗಳಲ್ಲೇ ನಡೆಯುತ್ತದೆ. 2020ರಲ್ಲಿ ಬೀದರ್ ಜಿಲ್ಲೆಯಲ್ಲಿ ಮಾತ್ರ ಮತಯಂತ್ರ ಬಳಸಲಾಯಿತು. ಸ್ಥಳೀಯ ಚುನಾವಣೆಗಳನ್ನು ಮತಪತ್ರದಲ್ಲಿ ನಡೆಸುವಂತೆ ಶಿಫಾರಸು ಮಾಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಈ ಕುರಿತ ವಾದ–ಪ್ರತಿವಾದ ಏನೇ ಇರಲಿ, ಮತಪತ್ರವೇ ವಿಶ್ವಾಸದ ಪೂರ್ಣ ಖಾತರಿಯಲ್ಲ. 2024ರ ಜನವರಿ 30ರಂದು ಚಂಡೀಗಢದ ಮೇಯರ್ ಆಯ್ಕೆಯಲ್ಲಿ ಚುನಾವಣಾಧಿಕಾರಿಯೇ ಎಂಟು ಮತಪತ್ರಗಳ ಮೇಲೆ ಗೀಚಿ ಅವುಗಳನ್ನು ಅಸಿಂಧುವೆಂದಿದ್ದರು. ಮೂರು ವಾರಗಳ ನಂತರ ಸುಪ್ರೀಂ ಕೋರ್ಟ್ ಆ ಮತಗಳನ್ನು ಸಿಂಧುಗೊಳಿಸಿ, ಸೋತರೆಂದು ಘೋಷಿತರಾಗಿದ್ದ ಕುಲದೀಪ್ ಕುಮಾರ್ ಅವರೇ ಮೇಯರ್ ಎಂದು ಸಾರಿತು. ಅಲ್ಲಿ ಸತ್ಯ ಹೊರಬಂದದ್ದು ಕ್ಯಾಮೆರಾ ದಾಖಲೆಯಿಂದ.

ಮತದಾರರ ಉತ್ತರ

ಈ ಎಲ್ಲ ಕೊರತೆಗಳ ನಡುವೆಯೂ ಗ್ರಾಮೀಣ ಮತದಾರರು ಸ್ಥಳೀಯ ಚುನಾವಣೆಯನ್ನು ಹಗುರವಾಗಿ ಕಂಡಿಲ್ಲ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮತದಾನ ಶೇ.80ರ ಆಸುಪಾಸಿನಲ್ಲಿತ್ತು. 2010 ಮತ್ತು 2015ರ ಬಿಬಿಎಂಪಿ ಚುನಾವಣೆಗಳಲ್ಲಿ ಮತಗಟ್ಟೆಗೆ ಬಂದವರು ಅರ್ಧಕ್ಕಿಂತ ಕಡಿಮೆ. 2015ರಲ್ಲಿ ಪಂಚಾಯಿತಿ ಮತದಾನವನ್ನು ಕಾಯ್ದೆಯ ಮೂಲಕ ಕಡ್ಡಾಯಗೊಳಿಸಲಾಯಿತಾದರೂ, ತಪ್ಪಿದವರಿಗೆ ದಂಡ ವಿಧಿಸುವ ಉಪಬಂಧ ಅದರಲ್ಲಿ ಇರಲಿಲ್ಲ. ಮತದಾರನಿಗೆ ಹೀಗೆ ಕರ್ತವ್ಯ ವಿಧಿಸಿದ ರಾಜ್ಯವೇ, ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಸಬೇಕೆಂಬ ತನ್ನ ಸಾಂವಿಧಾನಿಕ ಕರ್ತವ್ಯವನ್ನು ಜಿಲ್ಲಾ ಪಂಚಾಯಿತಿಗಳ ವಿಷಯದಲ್ಲಿ ಪಾಲಿಸಲಿಲ್ಲ.

ಸ್ಥಳೀಯ ಚುನಾವಣೆ ವಿಶ್ವಾಸಾರ್ಹವೇ ಎಂದು ಅಳೆಯಲು ನಾಗರಿಕರು ಮತ ಎಣಿಕೆಯ ದಿನದವರೆಗೆ ಕಾಯಬೇಕಿಲ್ಲ. ಹಾಲಿ ಮಂಡಳಿಯ ಅವಧಿ ಯಾವ ದಿನ ಮುಗಿಯುತ್ತದೆ, ವಾರ್ಡ್ ಗಡಿಯ ಕರಡು ಅದಕ್ಕೆ ಎಷ್ಟು ತಿಂಗಳು ಮೊದಲು ಪ್ರಕಟವಾಯಿತು, ಆಕ್ಷೇಪಣೆಗೆ ಎಷ್ಟು ದಿನ ದೊರೆಯಿತು, ತಮ್ಮ ಹೆಸರು ಸರಿಯಾದ ವಾರ್ಡಿನ ಪಟ್ಟಿಯಲ್ಲಿದೆಯೇ, ಎಷ್ಟು ಸ್ಥಾನಗಳು ಸ್ಪರ್ಧೆಯಿಲ್ಲದೆ ತುಂಬಿದವು ಎಂಬ ಪ್ರಶ್ನೆಗಳು ಸಾಕು. ಇವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ರಾಜ್ಯಪತ್ರದಲ್ಲೂ ತಾಲ್ಲೂಕು ಕಚೇರಿಯ ಸೂಚನಾ ಫಲಕದಲ್ಲೂ ದೊರೆಯುತ್ತದೆ. ಕರಡಿನ ಮೇಲೆ ಆಕ್ಷೇಪಣೆ ಸಲ್ಲಿಸಲು ನಿಗದಿಯಾದ ಅವಧಿ ಮುಗಿದ ಮೇಲೆ ಉಳಿಯುವ ದಾರಿ ನ್ಯಾಯಾಲಯ ಮಾತ್ರ. ಅಲ್ಲಿಂದ ನ್ಯಾಯ ಬರುವ ಹೊತ್ತಿಗೆ ವರ್ಷಗಳೇ ಕಳೆದಿರಬಹುದು ಎಂಬುದನ್ನು 2018ರಲ್ಲಿ ಗೆದ್ದ ನಗರಸಭೆ ಸದಸ್ಯರು ಬಲ್ಲರು.