ಹಲಗಲಿಯ ಬಂದೂಕು, ಧಾರವಾಡದ ಗುಂಡು

ಹಲಗಲಿ ಬೇಡರ ಲಾವಣಿಯನ್ನು ಕೇಳದವರು ನಮ್ಮ ಕಡೆ ವಿರಳ. ಆದರೆ ಆ ದಂಗೆಯ ಮೂಲದಲ್ಲಿದ್ದದ್ದು ಆಯುಧ ಕಾನೂನು ಎಂಬುದನ್ನು ಎಷ್ಟು ಜನ ನೆನಪಿಟ್ಟಿದ್ದೇವೆ?

1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೇ ಬೇಟೆ, ಆಯುಧವೇ ಮಾನ. ಅವರು ಕೊಡಲೊಪ್ಪಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಬಂದು ಊರನ್ನೇ ಸುಟ್ಟಿತು. ಡಿಸೆಂಬರ್‌ನಲ್ಲಿ ಮುಧೋಳದಲ್ಲಿ 13, ಹಲಗಲಿಯಲ್ಲಿ 6 ಮಂದಿಯನ್ನು ಗಲ್ಲಿಗೇರಿಸಲಾಯಿತು. ಅದೇ ಬ್ರಿಟಿಷರು ತಮಗೆ ನಿಷ್ಠರೆಂದು ಕಂಡ ಕೊಡವರಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟರು. 1878ರ ಆಯುಧ ಕಾಯ್ದೆ ಬಂದಾಗ ಯುರೋಪಿಯನ್ನರಿಗೂ ರಿಯಾಯಿತಿ ಸಿಕ್ಕಿತು. ಅಂದರೆ ಕಾನೂನು ಅಳೆದದ್ದು ಜನರ ಸುರಕ್ಷತೆಯನ್ನಲ್ಲ, ರಾಜನಿಷ್ಠೆಯನ್ನು.

ಈ ಅವಮಾನದ ನೆನಪಿನಿಂದಲೇ 1931ರ ಕರಾಚಿ ಕಾಂಗ್ರೆಸ್, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದನ್ನು ಪ್ರಜೆಯ ಹಕ್ಕೆಂದು ಸಾರಿತು. 1948ರ ಡಿಸೆಂಬರ್‌ನಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತರು ಇದನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ವಾದಿಸಿದರು. ಹಾಗಾದರೆ ಕಳ್ಳಕಾಕರೂ ಅದೇ ಹಕ್ಕನ್ನು ಕೇಳುವುದಿಲ್ಲವೇ ಎಂಬುದು ಅಂಬೇಡ್ಕರರ ಆಕ್ಷೇಪ. ತಿದ್ದುಪಡಿ ಬಿದ್ದುಹೋಯಿತು. ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕಷ್ಟೇ ಉಳಿಯಿತು. 1959ರ ಆಯುಧ ಕಾಯ್ದೆ ಬಂದೂಕನ್ನು ಪರವಾನಗಿಯ ವಸ್ತುವಾಗಿಸಿತು.

ಅಮೆರಿಕದಲ್ಲಿ ಬಂದೂಕು ಸಂವಿಧಾನದತ್ತ ಹಕ್ಕು. ಅಲ್ಲಿನ ಶಾಲೆಗಳಲ್ಲಿ ಮಕ್ಕಳು ಗುಂಡಿಗೆ ಬಲಿಯಾಗುವ ಸುದ್ದಿ ಓದುವಾಗ ನಮ್ಮ ಹಿರಿಯರ ಆಯ್ಕೆ ಸರಿಯೆಂದೇ ತೋರುತ್ತದೆ. ಆದರೆ ಆ ಆಯ್ಕೆಗೊಂದು ಷರತ್ತಿದೆ. ಪ್ರಜೆಯ ಕೈ ಬರಿದಾಗಿಸಿದ ಸರಕಾರ ಅವನ ಜೀವಕ್ಕೆ ಹೊಣೆಯಾಗಬೇಕು.

ನಮ್ಮ ಮಲೆನಾಡಿನ ರೈತ, ಬೆಳೆಗೆ ಬರುವ ಕಾಡುಪ್ರಾಣಿಗಳಿಗಾಗಿ ಇಟ್ಟುಕೊಂಡ ಕೋವಿಯನ್ನು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುತ್ತಾನೆ. ನಾಡಪಿಸ್ತೂಲು ಯಾವ ಠಾಣೆಯ ದಫ್ತರಕ್ಕೂ ಬರುವುದಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದು ಅಂಥದೊಂದು ಪಿಸ್ತೂಲು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದೂ ಅದೇ ಪಿಸ್ತೂಲೆಂದು ವಿಧಿವಿಜ್ಞಾನ ವರದಿ ಹೇಳಿತು. ಎರಡು ವರ್ಷ ಅದು ಎಲ್ಲಿತ್ತು? ಅಷ್ಟು ದಿನ ಅದನ್ನು ಹಿಡಿಯಲಾಗದ ವ್ಯವಸ್ಥೆಗೆ ಪರವಾನಗಿದಾರರ ಪಟ್ಟಿ ಎಷ್ಟು ಉದ್ದವಿದ್ದರೇನು?

ಕಲಬುರ್ಗಿಯವರ ಮನೆಯಲ್ಲಿ ಕೋವಿಯಿದ್ದಿದ್ದರೆ ಅವರು ಉಳಿಯುತ್ತಿದ್ದರು ಎನ್ನುವುದು ಮರುಳು ಮಾತು. ಬಾಗಿಲು ತಟ್ಟಿದವರನ್ನು ಒಳಗೆ ಕರೆಯುವ ಊರು ನಮ್ಮದು. ಆ ವಿಶ್ವಾಸ ಉಳಿಯಬೇಕಾದರೆ ಕಾನೂನಿನ ಕಣ್ಣು ಪರವಾನಗಿಯ ಕೋವಿಗಿಂತ ಮೊದಲು ನಾಡಪಿಸ್ತೂಲು ಮಾಡುವವರ, ಮಾರುವವರ ಮೇಲೆ ಬೀಳಬೇಕು. ಹಲಗಲಿಯಲ್ಲಿ ಸರಕಾರ ಜನರಿಗೆ ಅಂಜಿ ಆಯುಧ ಕಿತ್ತುಕೊಂಡಿತು. ನಮ್ಮ ಸರಕಾರ ಜನರಿಗಾಗಿ ಅದನ್ನು ಕಿತ್ತುಕೊಳ್ಳಲಿ.