ಬಾನ್‌ನಿಂದ ಲಾಸಾಕ್ಕೆ: ಒಬ್ಬ ಅಂಧ ತರುಣಿಯ ಸೇವಾಪಥ



ಕೆಲವು ವರ್ಷಗಳ ಹಿಂದೆ ನಾವು ಕೆಲವು ವೈದ್ಯ ಮಿತ್ರರು ಕರ್ನಾಟಕದ ಹಳ್ಳಿಯೊಂದರಲ್ಲಿ ಆರೋಗ್ಯ ಶಿಬಿರ ನಡೆಸಲು ಹೊರಟೆವು. ಸ್ವಯಂಸೇವಕರನ್ನು ಆರಿಸುವ ಹೊಣೆ ನನ್ನದಾಗಿತ್ತು. ನಮ್ಮವರದೇ ಮನೆಯ, ಕಾಲೇಜಿನಲ್ಲಿ ಓದುತ್ತಿದ್ದ, ದೃಷ್ಟಿ ಬಹುಮಟ್ಟಿಗೆ ನಷ್ಟವಾಗಿದ್ದ ತರುಣಿಯೊಬ್ಬಳು ತಾನೂ ಬರುವೆನೆಂದಳು. “ಅಲ್ಲಿ ನಿನ್ನನ್ನು ನೋಡಿಕೊಳ್ಳುವವರು ಯಾರಮ್ಮ?” ಎಂದೆ. “ಆಯಿತು ಅಂಕಲ್” ಎಂದು ಸುಮ್ಮನಾದಳು. ನಾನು ಕೇಳಿದ ಪ್ರಶ್ನೆ ಎಷ್ಟು ಹಳೆಯದೆಂಬುದು ಸಬ್ರಿಯೆ ಟೆನ್‌ಬರ್ಕೆನ್ ಅವರ ವೃತ್ತಾಂತವನ್ನು ಓದಿದಾಗ ನನಗೆ ತಿಳಿಯಿತು.

ಸಬ್ರಿಯೆ 1970ರಲ್ಲಿ ಜರ್ಮನಿಯಲ್ಲಿ ಜನಿಸಿದರು. ಅಕ್ಷಿಪಟಲದ ರೋಗದಿಂದ ಬಾಲ್ಯದಲ್ಲಿಯೇ ದೃಷ್ಟಿ ಕುಂದುತ್ತ ಬಂದು, ಹದಿಹರೆಯದ ಹೊಸ್ತಿಲಿನಲ್ಲಿ ಪೂರ್ಣ ಅಂಧರಾದರು. ಮಾರ್ಬರ್ಗ್ ನಗರದ ಅಂಧರ ಪ್ರೌಢಶಾಲೆಯಲ್ಲಿ ಓದಿ, ಬಾನ್ ವಿಶ್ವವಿದ್ಯಾಲಯದಲ್ಲಿ ಟಿಬೆಟ್ ಅಧ್ಯಯನಕ್ಕೆ ಸೇರಿದರು. ಅಲ್ಲಿ ಒಂದು ತೊಡಕು ಎದುರಾಯಿತು. ಟಿಬೆಟನ್ ಭಾಷೆಗೆ ಬ್ರೈಲ್ ಲಿಪಿಯೇ ಇರಲಿಲ್ಲ.

ಟಿಬೆಟನ್ ಲಿಪಿಯೂ ನಮ್ಮ ಲಿಪಿಯಂತೆ ಬ್ರಾಹ್ಮಿಯ ಸಂತತಿಗೆ ಸೇರಿದುದು. ಅದರಲ್ಲಿ 30 ವ್ಯಂಜನಗಳಿವೆ; ನಮ್ಮ ಒತ್ತಕ್ಷರಗಳಂತೆಯೇ ಒಂದರ ಕೆಳಗೊಂದು ಅಕ್ಷರ ಕೂಡುತ್ತದೆ. ಬ್ರೈಲ್‌ನಲ್ಲಿಯಾದರೋ ಇರುವುದು ಆರೇ ಚುಕ್ಕೆಗಳು, ಅವುಗಳಿಂದಾಗುವ 63 ಆಕೃತಿಗಳು. ಬೆರಳು ಅವನ್ನು ಸಾಲಾಗಿ ಒಂದರ ನಂತರ ಒಂದರಂತೆ ಓದಬೇಕು. ಮೇಲೆ ಕೆಳಗೆ ಕೂಡಿದ ಅಕ್ಷರಗಳನ್ನು ಈ ಸಾಲಿಗೆ ಇಳಿಸುವ ಕ್ರಮವನ್ನು ಸಬ್ರಿಯೆ 1992ರಲ್ಲಿ ರೂಪಿಸಿದರು. ಅದು ಅವರ ಸ್ವಂತ ವ್ಯಾಸಂಗದ ಅಗತ್ಯದಿಂದ ಹುಟ್ಟಿದ್ದು. ಕಣ್ಣಿದ್ದ ವಿದ್ಯಾರ್ಥಿಗೆ ಇಂತಹ ಅಗತ್ಯವೇ ಬೀಳುತ್ತಿರಲಿಲ್ಲ ಎಂಬುದನ್ನು ತಾವು ಗಮನಿಸಬೇಕು.

ಹೊರದೇಶದಲ್ಲಿ ಸೇವೆ ಸಲ್ಲಿಸಬೇಕೆಂಬ ಹಂಬಲವನ್ನು ಅವರು ಮುಂದಿಟ್ಟಾಗ, ಅಂಧರನ್ನು ಅಂತಹ ಕೆಲಸಕ್ಕೆ ಕಳುಹಿಸಲಾಗದು ಎಂಬ ಉತ್ತರ ಬಂದಿತು. ಕಳುಹಿಸುವವರಿಲ್ಲದಿದ್ದರೆ ತಾನೇ ಹೋಗುವೆನೆಂದು 1997ರಲ್ಲಿ ಒಬ್ಬರೇ ಟಿಬೆಟ್ಟಿಗೆ ಹೊರಟರು. ಅಲ್ಲಿ ದೊರೆತ ಸಂಗಾತಿಗಳೊಡನೆ ಕುದುರೆಯೇರಿ ಹಳ್ಳಿಗಳನ್ನು ಸುತ್ತಿದರು.

ಆ ಎತ್ತರದ ಪ್ರಖರ ಬಿಸಿಲು, ಮನೆಯೊಳಗಿನ ಒಲೆಯ ಹೊಗೆ, ‘ಎ’ ಜೀವಸತ್ವದ ಕೊರತೆ, ವೈದ್ಯರ ಅಭಾವ, ಇವೆಲ್ಲ ಕಣ್ಣಿಗೆ ಶತ್ರುಗಳು. ಇವುಗಳಿಗಿಂತ ಘೋರವಾದುದು ಜನರ ನಂಬಿಕೆ: ಕುರುಡು ಪೂರ್ವಜನ್ಮದ ಪಾಪದ ಫಲ, ಇಲ್ಲವೇ ದುಷ್ಟಶಕ್ತಿಯ ಕಾಟ. ಮಂಚಕ್ಕೆ ಕಟ್ಟಿಹಾಕಿದ್ದ ಮಕ್ಕಳನ್ನೂ ಅವರು ಕಂಡರು. ಆ ಮನೆಗಳ ಮುಂದೆ ಕುದುರೆಯಿಂದಿಳಿದ ಪರದೇಶದ ಹೆಣ್ಣುಮಗಳೂ ಕುರುಡಿಯೇ ಎಂದು ತಿಳಿದಾಗ ಆ ತಂದೆತಾಯಿಗಳಿಗೆ ಏನನ್ನಿಸಿರಬೇಡ! ಯಾವ ವೈದ್ಯನ ಉಪದೇಶಕ್ಕೂ ಆ ಬಲ ಬಾರದು.

ಲಾಸಾದಲ್ಲಿ ಪರಿಚಯವಾದ ಡಚ್ ತರುಣ ಪಾಲ್ ಕ್ರೋನೆನ್‌ಬರ್ಗ್ ಅವರ ಜೊತೆಗೂಡಿ 1998ರಲ್ಲಿ ಅಲ್ಲಿಯೇ ಅಂಧಮಕ್ಕಳ ಶಾಲೆಯನ್ನು ತೆರೆದರು. ಬೆರಳೆಣಿಕೆಯ ಮಕ್ಕಳಿಂದ ಆರಂಭವಾದ ಆ ಶಾಲೆಯಲ್ಲಿ ಮಕ್ಕಳು ಟಿಬೆಟನ್, ಚೀನೀ, ಇಂಗ್ಲಿಷ್ ಮೂರನ್ನೂ ಬ್ರೈಲ್‌ನಲ್ಲಿ ಕಲಿತರು. 2004ರಲ್ಲಿ ಆರು ಮಂದಿ ಅಂಧ ಹದಿಹರೆಯದವರು, ಎವರೆಸ್ಟ್ ಏರಿದ್ದ ಅಂಧ ಪರ್ವತಾರೋಹಿ ಎರಿಕ್ ವೈಹೆನ್‌ಮೇಯರ್ ಅವರೊಡನೆ 7,000 ಮೀಟರಿಗೂ ಎತ್ತರದ ಲ್ಹಾಕ್ಪಾ ರಿ ಶಿಖರದತ್ತ ನಡೆದರು. ಶಿಖರವನ್ನು ಮುಟ್ಟಲಾಗಲಿಲ್ಲ; ಆದರೆ ಮನೆಯ ಮೂಲೆಯೇ ಗತಿಯೆಂದಿದ್ದವರು ಹಿಮನದಿಯ ಮೇಲೆ ನಡೆದರು.

ಸಬ್ರಿಯೆ ಮತ್ತು ಪಾಲ್ 2009ರಲ್ಲಿ ಕೇರಳದ ತಿರುವನಂತಪುರದ ಬಳಿ, ವೆಳ್ಳಾಯಣಿ ಸರೋವರದ ದಡದಲ್ಲಿ, ಸಮಾಜಸೇವೆಗೆ ಹೊರಡುವವರಿಗಾಗಿ ‘ಕಾಂತಾರಿ’ ಎಂಬ ತರಬೇತಿ ಸಂಸ್ಥೆಯನ್ನು ತೆರೆದರು. ಅದು ನಮ್ಮ ಕರಾವಳಿಯ ಗಾಂಧಾರಿ ಮೆಣಸಿನ ಹೆಸರು: ಕಾಯಿ ಚಿಕ್ಕದು, ಖಾರ ಬಲು ದೊಡ್ಡದು.

ನಮ್ಮ ಶಿಬಿರದ ಕಥೆಗೆ ಮರಳುತ್ತೇನೆ. ಅಲ್ಲಿಗೆ ಒಬ್ಬ ತಾಯಿ ತನ್ನ ಕುರುಡು ಮಗಳನ್ನು ಕರೆತಂದಳು. ಪರೀಕ್ಷಿಸಿ, ಚಿಕಿತ್ಸೆಯಿಲ್ಲವೆಂದು ಹೇಳಿ ಕಳುಹಿಸಿದೆ. ಆ ತಾಯಿಗೆ ಬೇಕಾಗಿದ್ದುದು ನನ್ನ ಟಾರ್ಚಲ್ಲ. ಕಾಲೇಜು ಓದುವ ಆ ತರುಣಿ ಪಕ್ಕದಲ್ಲಿ ಕುಳಿತು ಆಡಬಹುದಾಗಿದ್ದ ನಾಲ್ಕು ಮಾತು. ಆಕೆಯನ್ನು ನಾನು ಬಿಟ್ಟುಹೋಗಿದ್ದೆ. ಆಕೆ ಮತ್ತೆ ನಮ್ಮನ್ನು ಕೇಳಲೂ ಇಲ್ಲ.

ಬಂಧುಗಳೇ, ತಮ್ಮ ಮನೆಯ ಇಂತಹ ಮಗುವೊಂದು ಹೊರದೇಶಕ್ಕೆ ಸೇವೆಗೆ ಹೊರಡುವೆನೆಂದರೆ, ನೋಡಿಕೊಳ್ಳುವವರು ಯಾರೆಂದು ಮೊದಲು ಕೇಳಬೇಡಿ. ನೀನು ಮಾಡಬಲ್ಲದ್ದೇನು, ಅದಕ್ಕೆ ಬೇಕಾದುದೇನು ಎಂದು ಕೇಳಿ. ನಾನು ಕೇಳದೆ ತಪ್ಪಿದೆ.