ಕೊಲ್ಲದ ವೈರಾಣು: ಬೆಳೆಹುಳುಗಳ ಆನುವಂಶಿಕ ದತ್ತಾಂಶದಲ್ಲಿ ಹುಡುಕಬೇಕಾದದ್ದು ಏನನ್ನು?

ಬೆಳೆ ತಿನ್ನುವ ಹುಳುಗಳ ವೈರಾಣುಗಳ ಬಗ್ಗೆ ನಮಗಿರುವ ತಿಳಿವಳಿಕೆ ಬಹುಕಾಲ ಸತ್ತ ಹುಳುಗಳಿಂದಲೇ ಬಂದದ್ದು. ತೊಗರಿ, ಕಡಲೆ, ಹತ್ತಿಯ ಹಸಿರು ಕಾಯಿಕೊರಕಕ್ಕೆ ಎನ್‌ಪಿವಿ (ನ್ಯೂಕ್ಲಿಯೊಪಾಲಿಹೆಡ್ರೊವೈರಸ್) ಎಂಬ ವೈರಾಣು ತಗುಲಿದರೆ ಹುಳು ಗಿಡದ ತುದಿಗೇರಿ, ತಲೆಕೆಳಗಾಗಿ ಜೋತುಬಿದ್ದು, ಮೈಯೆಲ್ಲ ನೀರಾಗಿ ಸಾಯುತ್ತದೆ. ಹೀಗೆ ಸತ್ತ ಹುಳುಗಳೇ ಸಂಶೋಧಕರನ್ನು ವೈರಾಣುವಿನ ಬಳಿಗೆ ಕರೆದೊಯ್ದವು; ಅದೇ ವೈರಾಣು ಮುಂದೆ ಜೈವಿಕ ಕೀಟನಾಶಕವಾಗಿ ರೈತರ ಕೈಸೇರಿತು. ಆದರೆ ರೋಗಲಕ್ಷಣದ ಬೆನ್ನುಹತ್ತಿ ಹೊರಟವರಿಗೆ ಸಿಗುವುದು ಕೊಲ್ಲುವ ವೈರಾಣುಗಳು ಮಾತ್ರ. ಹುಳುವಿನೊಳಗೆ ಸದ್ದಿಲ್ಲದೆ ಬಾಳುವ ವೈರಾಣುಗಳು ಈ ಜರಡಿಯಲ್ಲಿ ಸೋರಿಹೋಗುತ್ತವೆ. ಆನುವಂಶಿಕ ಅನುಕ್ರಮ ದತ್ತಾಂಶದ ಮಹತ್ವವನ್ನು ಹೊಸ ಕೀಟನಾಶಕದ ಆಸೆಯಿಂದ ಅಳೆಯುವ ರೂಢಿ ಇದೆ. ಹಳೆಯ ಹುಡುಕಾಟದ ಈ ಓರೆಯನ್ನು ತಿದ್ದುವುದೇ ಅದರ ಹೆಚ್ಚಿನ ಪ್ರಯೋಜನ ಎಂಬುದು ಇಲ್ಲಿನ ವಾದ.

ಹುಡುಕುವ ಬಗೆ ಸರಳ. ಕೀಟವೊಂದರ ಜೀನ್‌ಗಳನ್ನು ಅರಿಯಲೆಂದು ಅದರ ಆರ್‌ಎನ್‌ಎಯನ್ನೆಲ್ಲ ಓದಿಸಿದಾಗ, ಕೀಟದ ಜೀನೋಮ್‌ಗೆ ಹೊಂದದ ತುಣುಕುಗಳು ಉಳಿದುಕೊಳ್ಳುತ್ತವೆ. ಮೂಲ ಅಧ್ಯಯನಕ್ಕೆ ಅವು ಕಸ. ಅವನ್ನೇ ಜೋಡಿಸಿ, ಪ್ರೋಟೀನ್ ಭಾಷೆಗೆ ತಿರುಗಿಸಿ, ಆರ್‌ಎನ್‌ಎ ವೈರಾಣುಗಳಿಗೆ ಸಾಮಾನ್ಯವಾದ ಪಾಲಿಮರೇಸ್ ಕಿಣ್ವದ ಗುರುತುಗಳಿವೆಯೇ ಎಂದು ನೋಡಲಾಗುತ್ತದೆ. ಡಿಎನ್‌ಎ ವೈರಾಣುವೂ ತನ್ನ ಜೀನ್‌ಗಳನ್ನು ಬಳಸುವಾಗ ಆರ್‌ಎನ್‌ಎ ತಯಾರಿಸುವುದರಿಂದ ಈ ಉಳಿಕೆ ತುಣುಕುಗಳಲ್ಲಿ ಸಿಗಬಹುದು. 2016ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 220ಕ್ಕೂ ಹೆಚ್ಚು ಅಕಶೇರುಕ ಪ್ರಭೇದಗಳಿಂದ 1,445 ಆರ್‌ಎನ್‌ಎ ವೈರಾಣುಗಳನ್ನು ಹೊರತೆಗೆಯಿತು. 2022ರಲ್ಲಿ ‘ಸೆರಟಸ್’ ತಂಡ ಹೊಸ ಮಾದರಿ ಸಂಗ್ರಹಿಸುವ ಗೋಜಿಗೇ ಹೋಗದೆ, ಸಾರ್ವಜನಿಕ ಭಂಡಾರದಲ್ಲಿದ್ದ 57 ಲಕ್ಷ ದತ್ತಾಂಶಗಳನ್ನು ಜಾಲಾಡಿ, ಒಂದು ಲಕ್ಷಕ್ಕೂ ಮಿಕ್ಕಿ ಹೊಸ ಆರ್‌ಎನ್‌ಎ ವೈರಾಣುಗಳನ್ನು ಗುರುತಿಸಿತು.

ಅನುಕ್ರಮ ಸಿಕ್ಕಮಾತ್ರಕ್ಕೆ ವೈರಾಣು ಸಿಕ್ಕಂತಾಯಿತೇ ಎಂಬ ಆಕ್ಷೇಪ ಹಗುರವಾದುದಲ್ಲ. ಭತ್ತದ ಕಂದು ಜಿಗಿಹುಳುವಿನ ಜೀನೋಮ್‌ನಲ್ಲೇ ನ್ಯೂಡಿವೈರಸ್ ಒಂದರ ಡಿಎನ್‌ಎ ಬೆಸೆದುಕೊಂಡಿರುವುದು 2014ರಲ್ಲಿ ವರದಿಯಾಗಿದೆ. ಅಂಥ ಪಳೆಯುಳಿಕೆಯನ್ನು ಜೀವಂತ ಸೋಂಕೆಂದು ಓದುವುದು ಸುಲಭ. ಇನ್ನೂ ಮುಜುಗರದ ನಿದರ್ಶನ ವೈದ್ಯಕೀಯ ಕ್ಷೇತ್ರದ್ದು. ಯಕೃತ್ ಉರಿಯೂತದ ರೋಗಿಗಳಲ್ಲಿ ಕಂಡಿತೆಂದು ಸಾರಿದ ಹೊಸ ವೈರಾಣುವೊಂದು ನ್ಯೂಕ್ಲಿಯಿಕ್ ಆಮ್ಲ ಬೇರ್ಪಡಿಸುವ ಸಿಲಿಕಾ ಸಾಧನದಿಂದಲೇ ಬಂದ ಕಲ್ಮಶವೆಂದು 2013ರಲ್ಲಿ ಬಯಲಾಯಿತು. ಹುಳು ತಿಂದ ಎಲೆಯ ವೈರಾಣು, ಹುಳುವಿನ ಮೈಯಲ್ಲಿ ಬೆಳೆಯುತ್ತಿರುವ ಪರಾವಲಂಬಿ ಕಣಜದ ವೈರಾಣು, ಕರುಳಿನ ಶಿಲೀಂಧ್ರದ ವೈರಾಣು, ಎಲ್ಲವೂ ಒಂದೇ ಕೊಳವೆಯಲ್ಲಿ ಬೆರೆತಿರುತ್ತವೆ.

ಇಷ್ಟಾದರೂ ಈ ಆಕ್ಷೇಪಕ್ಕೆ ಉತ್ತರ ಆ ದತ್ತಾಂಶದಲ್ಲೇ ಬಹುಮಟ್ಟಿಗೆ ಇದೆ. ವೈರಾಣು ತನ್ನೊಳಗೆ ವೃದ್ಧಿಯಾದಾಗ ಕೀಟ ಅದರ ಆರ್‌ಎನ್‌ಎಯನ್ನು ಸುಮಾರು 20–21 ನ್ಯೂಕ್ಲಿಯೋಟೈಡ್ ಉದ್ದದ ಚೂರುಗಳಾಗಿ ಕತ್ತರಿಸುತ್ತದೆ, ಅದೂ ಎರಡೂ ಎಳೆಗಳಿಂದ. ಈ ಅಳತೆಯ ಚೂರುಗಳು ಕಂಡರೆ, ಕೀಟದ ರಕ್ಷಣಾವ್ಯವಸ್ಥೆ ಆ ವೈರಾಣುವನ್ನು ಎದುರಿಸಿದೆ ಎಂದಾಯಿತು. ಎಲೆಯೊಡನೆ ನುಂಗಿದ ನಿಷ್ಕ್ರಿಯ ವೈರಾಣು ಈ ಗುರುತನ್ನು ಬಿಡುವ ಸಂಭವ ಕಡಿಮೆ. ಇದಕ್ಕೆ ಮುರಿಯದ ಜೀನ್‌ಗಳು, ಬೇರೆ ಬೇರೆ ಪ್ರಯೋಗಾಲಯಗಳ ಮಾದರಿಗಳಲ್ಲಿ ಮರಳಿ ಕಾಣುವ ಅದೇ ಅನುಕ್ರಮ, ಕೀಟದ ಡಿಎನ್‌ಎಯಲ್ಲಿ ಅದರ ಗೈರು ಸೇರಿದರೆ ಸಂಶಯಕ್ಕೆ ಜಾಗ ಕಿರಿದಾಗುತ್ತದೆ. ಅನುಕ್ರಮವೊಂದನ್ನೇ ಆಧರಿಸಿಯೂ ವೈರಾಣುಗಳನ್ನು ವರ್ಗೀಕರಿಸಬಹುದೆಂಬ ತಜ್ಞರ ಒಮ್ಮತ 2017ರಲ್ಲಿ ಪ್ರಕಟವಾದದ್ದು ಇಂಥ ಕಟ್ಟುಪಾಡುಗಳೊಂದಿಗೇ.

ಹುಳುವನ್ನು ಕೊಲ್ಲದ ವೈರಾಣುವಿನಿಂದ ಕೃಷಿಗೇನು ಲಾಭ ಎಂಬ ಇನ್ನೊಂದು ಆಕ್ಷೇಪದಲ್ಲಿ ಪ್ರಶ್ನೆಯೇ ತಪ್ಪಾಗಿದೆ. ಕೇಳಬೇಕಾದದ್ದು ಅದರಿಂದಾಗುವ ನಷ್ಟವನ್ನು. ಚೀನಾದಲ್ಲಿ 2008ರಿಂದ 2012ರವರೆಗೆ ಹಿಡಿದ ಕಾಯಿಕೊರಕದ ಪತಂಗಗಳಲ್ಲಿ ಶೇ. 67ಕ್ಕೂ ಹೆಚ್ಚಿನವುಗಳಲ್ಲಿ ಎಚ್‌ಎಡಿಎನ್‌ವಿ-1 ಎಂಬ ಡೆನ್ಸೊವೈರಸ್ (ಒಂದು ಬಗೆಯ ಡಿಎನ್‌ಎ ವೈರಾಣು) ಇತ್ತೆಂದು 2014ರ ಅಧ್ಯಯನ ತೋರಿಸಿತು. ಅದನ್ನು ಹೊತ್ತ ಮರಿಹುಳುಗಳು ಬೇಗ ಬೆಳೆದವು, ಪತಂಗಗಳು ಹೆಚ್ಚು ದಿನ ಬದುಕಿದವು. ಎನ್‌ಪಿವಿಯನ್ನು ಅವು ಹೆಚ್ಚು ತಾಳಿಕೊಂಡವು. ಕಡಿಮೆ ಪ್ರಮಾಣದ ಬಿಟಿ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಬ್ಯಾಕ್ಟೀರಿಯಾದ) ವಿಷವನ್ನೂ ತಾಳಿಕೊಂಡವು. ಹೊಲದ ಹುಳುಗಳಲ್ಲೂ ಡೆನ್ಸೊವೈರಸ್ ಮತ್ತು ಎನ್‌ಪಿವಿಗಳ ನಡುವೆ ವಿಲೋಮ ಸಂಬಂಧ ಕಂಡಿತು. ಸತ್ತ ಹುಳುಗಳನ್ನಷ್ಟೇ ಪರೀಕ್ಷಿಸುವ ವಿಧಾನಕ್ಕೆ ಈ ವೈರಾಣು ಕೈಗೆಟುಕುವುದು ದುರ್ಲಭ, ಏಕೆಂದರೆ ಅದು ಬದುಕಿಸುವ ವೈರಾಣು. ಲದ್ದಿ ಹುಳುವೆಂದು ನಮ್ಮ ಜೋಳದ ರೈತರು ಕರೆಯುವ ಫಾಲ್ ಸೈನಿಕ ಹುಳುವಿನ ಕಥೆಯೂ ಇಂಥದೇ. 1970ರ ದಶಕದಲ್ಲಿ ಅದರ ಕೋಶದಿಂದ ಕುಡಿಯೊಡೆದ ಸಂತತಿಯೊಂದರಿಂದ ಮುಂದೆ ಬಂದ ಎಸ್‌ಎಫ್-9 ಕೋಶಸಂತತಿ ಪ್ರೋಟೀನ್ ತಯಾರಿಕೆಗೆ ಜಗತ್ತಿನಾದ್ಯಂತ ಬಳಕೆಯಲ್ಲಿದ್ದರೂ, ಅದರೊಳಗೊಂದು ರ‍್ಯಾಬ್ಡೊವೈರಸ್ ಇದೆಯೆಂದು ತಿಳಿದದ್ದು 2014ರಲ್ಲಿ. ಕೋಶಗಳು ಅಷ್ಟೂ ವರ್ಷ ಆರೋಗ್ಯವಾಗಿಯೇ ಕಾಣುತ್ತಿದ್ದವು!

ಚೀನಾದ ಅಂಕಿಅಂಶವನ್ನು ಹಾಗೆಯೇ ಕಲಬುರಗಿಯ ತೊಗರಿ ಹೊಲಕ್ಕೆ ಅನ್ವಯಿಸಲಾಗದು. ಆದರೆ ಇಲ್ಲಿನ ಹುಳುವೂ ಅದೇ ಪ್ರಭೇದ, ಸಿಂಪಡಿಸುವ ಎನ್‌ಪಿವಿಯೂ ಅದೇ ಬಗೆಯದು. ಒಂದೂರಿನಲ್ಲಿ ಎನ್‌ಪಿವಿ ಫಲಿಸಿ ಪಕ್ಕದೂರಿನಲ್ಲಿ ಸೋತರೆ ಸಿಂಪಡಣೆಯ ಹೊತ್ತು, ಬಿಸಿಲು, ದ್ರಾವಣದ ಗುಣಮಟ್ಟಗಳ ಮೇಲೆ ದೂರು ಹೋಗುತ್ತದೆ. ಬಿಟಿ ಸೋತರೆ ಹುಳುವಿನ ಜೀನ್‌ಗಳ ಮೇಲೆ. ಇವೆಲ್ಲ ನಿಜ ಕಾರಣಗಳೇ ಇರಬಹುದು, ಆದರೆ ಹುಳುವಿನೊಳಗಿನ ಡೆನ್ಸೊವೈರಸ್ಸನ್ನು ಅಳೆಯದೆ ಅವುಗಳ ಪಾಲೆಷ್ಟೆಂದು ಹೇಳಲಾಗದು. ಇನ್ನೂ ಹತ್ತಿರದ ತೊಡಕೊಂದಿದೆ. ಎನ್‌ಪಿವಿಯನ್ನು ನಮ್ಮಲ್ಲಿ ತಯಾರಿಸುವುದು ಸಾಕಿದ ಜೀವಂತ ಹುಳುಗಳಲ್ಲೇ, ಮತ್ತು ಡೆನ್ಸೊವೈರಸ್ ತಾಯಿಯಿಂದ ಮರಿಗೆ ದಾಟುತ್ತದೆ. ಸಾಕಣೆಯ ಮೂಲ ಜೋಡಿಗಳಲ್ಲೇ ಅದು ಇದ್ದರೆ, ಎನ್‌ಪಿವಿಯ ಇಳುವರಿಯನ್ನೂ ಮಾರಕ ಪ್ರಮಾಣದ ಲೆಕ್ಕವನ್ನೂ ಎನ್‌ಪಿವಿಗೆ ಸುಲಭವಾಗಿ ಬಗ್ಗದ ಹುಳುಗಳ ಮೇಲೆಯೇ ನಿಗದಿಪಡಿಸಿದಂತಾಗುತ್ತದೆ. ಅನುಕ್ರಮ ಪ್ರಕಟವಾಗಿರುವುದರಿಂದ ಇದನ್ನು ಪತ್ತೆಮಾಡಲು ಸಾಮಾನ್ಯ ಪಿಸಿಆರ್ ಪರೀಕ್ಷೆ ಸಾಕು. ಹೊಲದಿಂದ ತಂದ ಪತಂಗಗಳನ್ನು ಸಾಕಣೆಗೆ ಸೇರಿಸುವ ಮುನ್ನವೇ ಅದನ್ನು ಮಾಡಬೇಕು.